ಎಲ್ಲಿ ನಕ್ಕೆ, ಬ್ಯಾಬ್?

ಮಂಗಳವಾರ ಸಂಜೆ ಒಬ್ರು ಅಜ್ಜ ನನ್ನ ಒಂದು ಪ್ರಶ್ನೆ ಕೇಳಿದ್ರು. ಇವತ್ತು ಶುಕ್ರವಾರ, ಅದಿನ್ನೂ ತಲೆಯಿಂದ ಇಳಿದಿಲ್ಲ. ಪಾತ್ರೆ ತೊಳೀವಾಗ ನೆನಪಾಗುತ್ತೆ, ಟ್ರೈನಲ್ಲಿ ನೆನಪಾಗುತ್ತೆ, ನಿನ್ನೆ ಅಂತೂ ಆಫೀಸ್ ಮೀಟಿಂಗ್ ಮಧ್ಯೆ ಯಾರೋ ಏನೋ ಜೋಕ್ ಹೇಳಿ ಎಲ್ರೂ ನಕ್ರೆ ನಾನೊಬ್ಳೇ ಬೆಪ್ಪು ಥರ ಕೂತಿದ್ದೆ. ಪ್ರಶ್ನೆ ಇಷ್ಟೇ: "ಎಲ್ಲಿ ನಕ್ಕೆ, ಬ್ಯಾಬ್?"

ಬ್ಯಾಬ್ ಅಂದ್ರೆ ಏನೇನೋ ಅಂದ್ಕೋಬೇಡಿ. ಬರ್ಮಿಂಗ್‌ಹ್ಯಾಮಲ್ಲಿ ಹೆಂಗಸರನ್ನ ಹಂಗೇ ಕರೆಯೋದು, ನಮ್ಮಲ್ಲಿ 'ಪುಟ್ಟಿ', 'ತಾಯಿ' ಅಂತಾರಲ್ಲ ಹಂಗೆ. ಬಂದ ಹೊಸದ್ರಲ್ಲಿ ಬಸ್ ಡ್ರೈವರ್ ಬ್ಯಾಬ್ ಅಂದಾಗ ನಂಗೆ ಕೆಂಡದಂಥ ಕೋಪ ಬಂದಿತ್ತು, ಈಗ ಯಾರಾದ್ರೂ 'ಮೇಡಂ' ಅಂದ್ರೆನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ.

ನಮ್ಮ ಏರಿಯಾ ಲೈಬ್ರರಿಲಿ ತಿಂಗಳಿಗೊಂದ್ಸಲ ಪುಸ್ತಕ ಓದೋರ ಗುಂಪು ಸೇರುತ್ತೆ. ಒಂಬತ್ತು ಜನ, ಹತ್ತು ಕಪ್ ಟೀ, ಒಂದು ಡಬ್ಬಿ ಬಿಸ್ಕೆಟ್. ಗುಂಪಲ್ಲಿ ನಾನೇ ಚಿಕ್ಕೋಳು, ನಂಗೆ ನಲವತ್ಮೂರು. ನಡೆಸೋದು ಒಬ್ರು ರಿಟೈರ್ಡ್ ಟೀಚರಮ್ಮ. ಒಳ್ಳೆಯವರೇ, ಆದ್ರೆ ಯಾರೇ ಏನೇ ಹೇಳಿದ್ರೂ "ಇಂಟರೆಸ್ಟಿಂಗ್" ಅಂತಾರೆ. ಆ ಇಂಟರೆಸ್ಟಿಂಗ್ ಅಂದ್ರೆ 'ಸಾಕು ಕೂತ್ಕೋ' ಅಂತ ಅರ್ಥ ಆಗೋಕೆ ನಂಗೆ ಒಂದು ವರ್ಷ ಬೇಕಾಯ್ತು.

ಈ ತಿಂಗಳ ಪುಸ್ತಕ ಜೊನಾಥನ್ ಕೋ ಬರೆದ 'ಮಿಡಲ್ ಇಂಗ್ಲೆಂಡ್', 2018ರದ್ದು, ಬ್ರೆಕ್ಸಿಟ್ ಕಾದಂಬರಿ ಅಂತ ಎಲ್ರೂ ಕರೆಯೋದು. ನಾನೇ ಹಠ ಮಾಡಿ ಹಾಕ್ಸಿದ್ದು. ಕೋ ಇದೇ ಊರಿನ ಪಕ್ಕದವರು, 1961ರಲ್ಲಿ ಹುಟ್ಟಿದ್ದು, ಅವರ ಅರ್ಧಕ್ಕರ್ಧ ಕಥೆಗಳು ನಾನು ದಿನಾ ಓಡಾಡೋ ರೋಡಲ್ಲೇ ನಡೆಯುತ್ತೆ. ನಂಗೆ ಈ ಊರು ಅರ್ಥ ಆಗಿದ್ದು ನಮ್ಮ ಅಕ್ಕಪಕ್ಕದ ಮನೆಯವರಿಂದಲ್ಲ, ಈ ಮನುಷ್ಯನ ಪುಸ್ತಕಗಳಿಂದ. ಪಕ್ಕದ ಮನೆಯವರು ಹವಾಮಾನ ಬಿಟ್ಟು ಇನ್ನೇನೂ ಮಾತಾಡಲ್ಲ.

ನನ್ನ ಸರದಿ ಬಂದಾಗ ಹೇಳ್ದೆ, ಟ್ರೈನಲ್ಲಿ ಓದ್ತಾ ಎಷ್ಟು ನಕ್ಕೆ ಅಂದ್ರೆ ಎದುರು ಸೀಟಿನವ್ರು ಎದ್ದು ಬೇರೆ ಕಡೆ ಹೋಗಿ ಕೂತ್ರು ಅಂತ. ಎಲ್ರೂ ನಕ್ರು. ಮೂಲೇಲಿ ಕೂತಿದ್ದ ಅಜ್ಜ, ಚಪ್ಪಟೆ ಟೋಪಿ ಅಜ್ಜ ಅಂತ ನಾನು ಮನಸಲ್ಲೇ ಇಟ್ಟ ಹೆಸರು, ಸಾಮಾನ್ಯವಾಗಿ ಬಾಯೇ ಬಿಡದವ್ರು, ಪುಸ್ತಕ ಮೊಣಕಾಲ ಮೇಲಿಟ್ಕೊಂಡು ಮುಂದೆ ಬಾಗಿ ಕೇಳಿದ್ರು. "ಎಲ್ಲಿ ನಕ್ಕೆ, ಬ್ಯಾಬ್?"

ನಂಗೆ ಉತ್ತರ ಗೊತ್ತಿತ್ತು. ನಾರ್ತ್‌ಫೀಲ್ಡ್ ದಾಟಿ ಬೋರ್ನ್‌ವಿಲ್ ಸ್ಟೇಷನ್, ಆ ಕ್ಯಾಡ್ಬರಿ ನೇರಳೆ ಬಣ್ಣ ಬಳಿದಿರೋ ಸ್ಟೇಷನ್ ಬರೋ ಹೊತ್ತಿಗೆ ನಕ್ಕಿದ್ದು, ಕಾಲಿನ್ ಅನ್ನೋ ಮುದುಕನ ಸೀನಲ್ಲಿ. ಕಾಲಿನ್ ಅಂದ್ರೆ ಹೀರೋ ಬೆಂಜಮಿನ್‌ನ ಅಪ್ಪ. ವಯಸ್ಸಾಗಿದೆ, ನೆನಪು ಕೈ ಕೊಡ್ತಿದೆ, ನನ್ನ ಲಾಂಗ್‌ಬ್ರಿಜ್‌ಗೆ ಕರ್ಕೊಂಡು ಹೋಗು, ನಾನು ಕೆಲಸ ಮಾಡ್ತಿದ್ದ ಕಾರ್ ಫ್ಯಾಕ್ಟರಿ ನೋಡ್ಬೇಕು ಅಂತ ಮಗನ್ನ ಪೀಡಿಸ್ತಾನೆ. ಹೋಗಿ ನೋಡಿದ್ರೆ ಅಲ್ಲಿ ಫ್ಯಾಕ್ಟರಿನೇ ಇಲ್ಲ, ಅಂಗಡಿಗಳಿವೆ. ಯಾರೂ ಏನೂ ತಯಾರಿಸ್ದೆ ಬರೀ ಅಂಗಡಿ ಇಟ್ರೆ ದೇಶ ಬದುಕೋದು ಹೆಂಗೆ ಅಂತ ಆತನಿಗೆ ತಲೆ ಕೆಡುತ್ತೆ. ನಂಗೆ ನಗು ಬಂತು, ಯಾಕಂದ್ರೆ ನಾನು ಪ್ರತಿ ಶನಿವಾರ ಹಾಲು ಮೊಸರು ತರೋ ಜಾಗ ಅದೇ. ಅಲ್ಲಿ ನಿಂತು ಒಬ್ಬ ಮುದುಕ "ಫ್ಯಾಕ್ಟರಿ ಎಲ್ಲಿ?" ಅಂತ ಕೂಗಾಡೋದನ್ನ ಟ್ರಾಲಿ ಹಿಡ್ಕೊಂಡು ನಾನೇ ನೋಡ್ದಂಗೆ ಆಗಿತ್ತು.

ಆದ್ರೆ ಆ ಟೋಪಿ ಅಜ್ಜನ ಮುಖ ನೋಡಿ ಬಾಯಿಂದ ಬಂದಿದ್ದು ಸುಳ್ಳು. "ಆ ಸ್ಪೀಡ್ ಅವೇರ್ನೆಸ್ ಕ್ಲಾಸಲ್ಲಿ..." ಅಂದೆ, ಜೋರಾಗಿ ಗಾಡಿ ಓಡಿಸಿ ಸಿಕ್ಕಿಬಿದ್ದೋರಿಗೆ ಪಾಠ ಮಾಡೋ ಸೀನು. ಅಜ್ಜ "ಓ" ಅಂತ ಹಿಂದಕ್ಕೆ ಒರಗಿದ್ರು. ಟೀಚರಮ್ಮ "ಇಂಟರೆಸ್ಟಿಂಗ್" ಅಂದ್ರು.

ಆಮೇಲೆ ಮಾತೆಲ್ಲಾ ಕಾದಂಬರೀಲಿ ಬರೋ ಸೋಫಿ ಅನ್ನೋಳ ಗಂಡನ ಅಮ್ಮ ಹೆಲೆನಾ ಕಡೆ ಹೋಯ್ತು. ಮಗನಿಗೆ ಬರಬೇಕಾದ ಪ್ರಮೋಷನ್ ಅವನ ಏಷ್ಯನ್ ಸಹೋದ್ಯೋಗಿಗೆ ಹೋದಾಗ ಆಯಮ್ಮ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಇನಾಕ್ ಪಾವೆಲ್ ಹೇಳಿದ್ದೇ ಸರಿ ಇತ್ತು ಅಂತಾಳಲ್ಲ, ಅಲ್ಲಿಗೆ ಬಂದಾಗ ರೂಮಲ್ಲಿ ಎಂಟು ಜನ ಒಟ್ಟಿಗೆ ತಮ್ಮ ತಮ್ಮ ಟೀ ಕಪ್ ನೋಡ್ಕೊಂಡ್ರು. ನಾನೊಬ್ಳೇ ಕಂದು ಬಣ್ಣದೋಳು ಅಲ್ವಾ. ಪಾವೆಲ್ ಅನ್ನೋ ರಾಜಕಾರಣಿ ವಲಸೆ ಬರೋರ ವಿರುದ್ಧ ಆ ಭಾಷಣ ಮಾಡಿದ್ದು 1968ರಲ್ಲಿ ಇದೇ ಬರ್ಮಿಂಗ್‌ಹ್ಯಾಮಲ್ಲಿ, ಇವರೆಲ್ಲ ಆಗ ಹುಡುಗ ಹುಡುಗೀರು. ಬಿಸ್ಕೆಟ್ ಡಬ್ಬಿ ಎರಡು ಸುತ್ತು ಹೊಡೀತು. ಅವರ ಮುಜುಗರ ನೋಡಿ ನಂಗೆ ಪಾಪ ಅನ್ಸಿತ್ತು, ಸ್ವಲ್ಪ ಮಜಾನೂ ಬಂತು, ಸುಳ್ಳ್ಯಾಕೆ.

ಕೋ ಬಗ್ಗೆ ನನ್ನ ಹುಚ್ಚು ಶುರುವಾಗಿದ್ದು 1994ರ 'ವಾಟ್ ಎ ಕಾರ್ವ್ ಅಪ್!' ಇಂದ. ವಿನ್‌ಶಾ ಅಂತ ಒಂದು ದೊಡ್ಡ ಮನೆತನ, ಥ್ಯಾಚರ್ ಕಾಲ. ಒಬ್ಬ ರಾಜಕಾರಣಿ, ಒಬ್ಬ ಬ್ಯಾಂಕರ್, ಒಬ್ಳು ಪೇಪರಲ್ಲಿ ಬಾಯಿಗೆ ಬಂದಂಗೆ ಬರೆಯೋಳು, ಒಬ್ಳು ಕೋಳಿ ದನ ಎಲ್ಲಾ ಫ್ಯಾಕ್ಟರಿ ಥರ ಸಾಕೋಳು, ಒಬ್ಬ ಸದ್ದಾಂ ಹುಸೇನ್‌ಗೆ ಆಯುಧ ಮಾರೋನು. ಇಡೀ ದೇಶವನ್ನ ಹಬ್ಬದೂಟದ ಕೋಳಿ ಥರ ಹಂಚ್ಕೊಂಡು ತಿಂತಾರೆ. ಕೊನೇಲಿ ಅವರವರ ದಂಧೆಗೆ ತಕ್ಕಂಗೆ ಒಬ್ಬೊಬ್ಬರೂ ಕೊಲೆ ಆಗ್ತಾರೆ, ಹಳೇ ಹಾರರ್ ಕಾಮಿಡಿ ಸಿನಿಮಾ ಥರ. ಹೊಟ್ಟೆ ಹಿಡ್ಕೊಂಡು ನಗಬಹುದು. ಆದ್ರೆ ಅದಕ್ಕೂ ಮುಂಚೆ ಫಿಯೋನಾ ಅನ್ನೋ ಹುಡುಗಿ ಆಸ್ಪತ್ರೆಲಿ ಬೆಡ್ ಸಿಗದೆ, ಟೈಮಿಗೆ ಟ್ರೀಟ್ಮೆಂಟ್ ಸಿಗದೆ ಸಾಯ್ತಾಳೆ. ಅಲ್ಲೀವರೆಗೂ ಆಸ್ಪತ್ರೆ ದುಡ್ಡಿಗೆ ಕತ್ತರಿ ಹಾಕೋ ಹೆನ್ರಿ ವಿನ್‌ಶಾ ಮಾತುಗಳಿಗೆ ನಕ್ಕಿರ್ತೀವಲ್ಲ, ಆ ನಗುವಿನ ಬಿಲ್ ಅಲ್ಲಿ ಬರುತ್ತೆ. ಪುಸ್ತಕ ಮುಚ್ಚಿ ಎರಡು ದಿನ ಮುಟ್ಟಿರ್ಲಿಲ್ಲ ನಾನು.

ಆಮೇಲೆ 'ರಾಟರ್ಸ್ ಕ್ಲಬ್', ಎಪ್ಪತ್ತರ ದಶಕದ ಬರ್ಮಿಂಗ್‌ಹ್ಯಾಮ್, ಸ್ಕೂಲ್ ಹುಡುಗರು, ಲಾಂಗ್‌ಬ್ರಿಜ್ ಸ್ಟ್ರೈಕುಗಳು, 1974ರ ಪಬ್ ಬಾಂಬ್. ಅದ್ರಲ್ಲಿ ಒಂದೇ ಒಂದು ವಾಕ್ಯ 13,955 ಪದ ಇದೆ, ನನ್ನ ವಾಕ್ಯ ಉದ್ದ ಅಂತ ಬೈಯೋರಿಗೆ ಇದು ನೆನಪಿರಲಿ. 'ನಂಬರ್ 11' ಅಲ್ಲಿ ವ್ಯಾಲ್ ಅಂತ ಒಬ್ಳು, ಒಂದು ಕಾಲಕ್ಕೆ ಹಾಡ್ತಿದ್ದೋಳು, ಮನೇಲಿ ಹೀಟರ್ ಹಾಕೋಕೆ ದುಡ್ಡಿಲ್ದೆ ಬರ್ಮಿಂಗ್‌ಹ್ಯಾಮ್ ಸುತ್ತೋ 11ನೇ ನಂಬರ್ ಬಸ್ಸಲ್ಲಿ ಬೆಚ್ಚಗೆ ಕೂತು ಸುತ್ತು ಹೊಡೀತಾಳೆ. ಅವಳ ಕೆಲಸ ಯಾವ್ದು ಗೊತ್ತಾ? ಲೈಬ್ರರಿ. ಅದೂ ಗಂಟೆ ಕಡಿತ ಮಾಡಿದ ಲೈಬ್ರರಿ. ಊರಿನ ಬೊಕ್ಕಸ ಖಾಲಿಯಾಗಿ ನಮ್ಮ ಲೈಬ್ರರಿಗೂ ಟೈಮಿಂಗ್ಸ್ ಕಮ್ಮಿ ಆದಾಗ, ಅರೆ ಇದನ್ನ ನಾನು ಓದಿದ್ನಲ್ಲ, ಓದಿ ನಕ್ಕಿದ್ನಲ್ಲ ಅನ್ಸಿತ್ತು.

ಎಲ್ಲಿ ನಕ್ಕೆ, ಬ್ಯಾಬ್.

ಇಷ್ಟಕ್ಕೂ ಆ ಪ್ರಶ್ನೆ ಕೋ ತಾನೇ ಕೇಳ್ಕೊಂಡಿರೋ ಪ್ರಶ್ನೆ. 2013ರಲ್ಲಿ 'ಲಂಡನ್ ರಿವ್ಯೂ ಆಫ್ ಬುಕ್ಸ್'ನಲ್ಲಿ ಬೋರಿಸ್ ಜಾನ್ಸನ್ ಬಗ್ಗೆ ಒಂದು ಲೇಖನ ಬರೆದ್ರು. ಈ ದೇಶ ಕಿಸಿಕಿಸಿ ನಗ್ತಾ ನಗ್ತಾನೇ ಸಮುದ್ರದಲ್ಲಿ ಮುಳುಗುತ್ತೆ ಅಂತ ಹಾಸ್ಯನಟ ಪೀಟರ್ ಕುಕ್ ಹೇಳಿದ ಮಾತಿಂದಾನೇ ಅದರ ಹೆಸರು. ಟಿವಿ ಕಾಮಿಡಿ ಶೋದಲ್ಲಿ ಜಾನ್ಸನ್‌ನ ಗೇಲಿ ಮಾಡಿದ್ರೆ ಜಾನ್ಸನ್‌ಗೆ ಒಂದು ಚೂರೂ ಏಟಾಗಲಿಲ್ಲ, ತಾನೇ ಮೊದ್ಲು ತನ್ನ ಗೇಲಿ ಮಾಡ್ಕೊಂಡು ಎಲ್ರಿಗೂ ಬೇಕಾದೋನಾಗ್ಬಿಟ್ಟ ಅನ್ನೋದು ಅವರ ಸಂಕಟ. ಆರು ವರ್ಷ ಆದ್ಮೇಲೆ ಅದೇ ಜಾನ್ಸನ್ ಪ್ರಧಾನಿ. 'ನಂಬರ್ 11' ಅಲ್ಲಂತೂ ಸ್ಟ್ಯಾಂಡ್‌ಅಪ್ ಕಾಮಿಡಿಯನ್‌ಗಳು ಸಾಯ್ತಾರೆ, ನಗಿಸೋರೇ ಜನರ ಸಿಟ್ಟಿಗೆ ನೀರು ಹಾಕೋರು ಅನ್ನೋ ವಾದ ಅದರ ಹಿಂದೆ. ವಿಡಂಬನೆ ಬರ್ಕೊಂಡೇ ಹೆಸರು ಮಾಡಿದ ಮನುಷ್ಯ ವಿಡಂಬನೆಯಿಂದ ಏನೂ ಆಗಲ್ವೇನೋ ಅಂತ ಕೈಹಿಸುಕೋದು, ಅದನ್ನೂ ಇನ್ನೊಂದು ವಿಡಂಬನೆಯಾಗೇ ಬರೆಯೋದು!

ಚಿಕ್ಕೋಳಿದ್ದಾಗ ಅಪ್ಪ ನನ್ನ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ಕ್ಕೆ ಕರ್ಕೊಂಡು ಹೋಗಿದ್ರು. ಪಕ್ಕದ ಸಾಲಲ್ಲಿ ಒಬ್ಬ ದಪ್ಪ ಮನುಷ್ಯ ಬಿದ್ದು ಬಿದ್ದು ನಗ್ತಿದ್ದ. ವಾಪಸ್ ಬರ್ತಾ ಅಪ್ಪ ಸ್ಕೂಟರ್ ಮೇಲೆ ಹೇಳಿದ್ರು, "ನೋಡ್ದಾ ಅವನ್ನ? ನಮ್ಮ ಸೈಟ್ ಖಾತೆಗೆ ತಗೊಂಡಿದ್ದು ಅವ್ನೇ."

ಸರಿ, ಮಂಗಳವಾರಕ್ಕೆ ಬರ್ತೀನಿ. ಮುಗಿದ್ಮೇಲೆ ಹೊರಗೆ ಜಿಟಿಜಿಟಿ ಮಳೆ, ಬಸ್ ಸ್ಟಾಪಲ್ಲಿ ಅಜ್ಜ ಇದ್ರು. ಸುಳ್ಳು ಹೇಳಿದ್ದು ಗಂಟಲಲ್ಲೇ ಕೂತಿತ್ತು. ಹೋಗಿ ಹೇಳೇಬಿಟ್ಟೆ, ನಾನು ನಕ್ಕಿದ್ದು ಲಾಂಗ್‌ಬ್ರಿಜ್ ಸೀನಲ್ಲಿ, ಕ್ಷಮಿಸಿ ಅಂತ.

ಅವರು ಟೋಪಿ ಸರಿ ಮಾಡ್ಕೊಂಡ್ರು. ಇಪ್ಪತ್ತೆಂಟು ವರ್ಷ ಅಲ್ಲೇ ಇದ್ದೆ ಅಂದ್ರು. ಅದು ನಂಗೆ ಮೊದ್ಲೇ ಅನುಮಾನ ಇತ್ತು. ಆದ್ರೆ ಮುಂದಿನ ಮಾತು ನಾನು ಊಹಿಸಿರ್ಲಿಲ್ಲ. "ನಾನೂ ಅಲ್ಲೇ ನಕ್ಕಿದ್ದು. ಯಾಕೆ ನಕ್ಕೆ ಅಂತ ತಿಳೀಲಿಲ್ಲ, ನಿಂಗೆ ಗೊತ್ತಿರಬಹುದು ಅಂತ ಕೇಳ್ದೆ."

ಆಮೇಲೆ ಸ್ವಲ್ಪ ಬಿಟ್ಟು, "ಆ ಕಾಲಿನ್ ನಮ್ಮೋನೇನಲ್ಲ, ಮ್ಯಾನೇಜ್ಮೆಂಟ್ ಕಡೆಯೋನು" ಅಂತಾನೂ ಸೇರಿಸಿದ್ರು, ಮೂಗು ಸ್ವಲ್ಪ ಮುರಿದು. ಕಾದಂಬರಿ ಪಾತ್ರದ ಮೇಲೂ ಯೂನಿಯನ್ ಸಿಟ್ಟು!

ಬಸ್ ಬರೋವರೆಗೂ ಅವರೇ ಮಾತಾಡಿದ್ರು. 1905ರಲ್ಲಿ ಹರ್ಬರ್ಟ್ ಆಸ್ಟಿನ್ ಶುರು ಮಾಡಿದ್ದು, 1959ರಲ್ಲಿ ಮಿನಿ ಬಂದಿದ್ದು, 2000ದಲ್ಲಿ ಬಿಎಂಡಬ್ಲ್ಯೂದವ್ರು ರೋವರ್ ಕಾರ್ ಕಂಪನೀನ ಹತ್ತು ಪೌಂಡಿಗೆ ಕೊಟ್ಟು ಹೋಗಿದ್ದು. "ಹತ್ತು ಪೌಂಡು, ಬ್ಯಾಬ್, ನಾವೆಲ್ಲ ತಲೆಗೆ ಒಂದೊಂದು ಪೆನ್ನಿ ಹಾಕಿದ್ರೂ ತಗೋಬಹುದಿತ್ತು." 2005ರ ಏಪ್ರಿಲಲ್ಲಿ ಬಾಗಿಲು ಹಾಕಿದಾಗ ಸುಮಾರು ಆರು ಸಾವಿರ ಜನ ಒಟ್ಟಿಗೆ ಮನೆಗೆ. ನಾನು ನಮ್ಮ ಭಾವನ ಕಥೆ ಹೇಳ್ದೆ: ಬೆಂಗಳೂರಲ್ಲಿ ಎಂಜಿ ಹೆಕ್ಟರ್ ತಗೊಂಡು, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, "ಬ್ರಿಟಿಷ್ ಗಾಡಿ ಕಣಮ್ಮ" ಅಂತ ನಂಗೆ ಫೋಟೋ ಕಳ್ಸಿದ್ರು. ಬ್ರಾಂಡ್ ಈಗ ಚೀನಾದವರ ಕೈಲಿ, ಕಾರು ತಯಾರಾಗೋದು ಗುಜರಾತಿನ ಹಾಲೋಲಲ್ಲಿ, ಆ ಬ್ಯಾಡ್ಜಿನ ಕಾರು ಕೊನೆಗೆ ತಯಾರಾಗ್ತಿದ್ದ ಜಾಗದಲ್ಲಿ ನಾನು ಮೊಸರು ತಗೋತೀನಿ ಅಂದೆ. ಅಜ್ಜ ನಕ್ರು ನೋಡಿ! ಕಂಬ ಹಿಡ್ಕೊಂಡು, ಕೆಮ್ಮು ಬರೋವರೆಗೂ ನಕ್ರು. ನಿಂಬೆಹಣ್ಣು ಯಾಕೆ ಅಂತ ಎರಡು ಸಲ ಕೇಳಿದ್ರು.

ಬಸ್ಸಲ್ಲಿ ಕೂತ್ಮೇಲೆ ನಂಗೆ ಚುಚ್ಚಿದ್ದು ಬೇರೆ. ನಮ್ಮಪ್ಪನೂ ಬೆಂಗಳೂರಲ್ಲಿ ಒಂದು ಸರಕಾರಿ ವಾಚ್ ಫ್ಯಾಕ್ಟರಿಲಿದ್ರು. ಹೆಸರು ಬೇಡ, ಮದುವೇಲಿ ಅಳಿಯನಿಗೆ ಆ ವಾಚ್ ಕಟ್ಟಿದ ಎಲ್ಲಾ ಮನೆಯವ್ರಿಗೂ ಗೊತ್ತಾಗುತ್ತೆ. ಹೋದ ವರ್ಷ ಊರಿಗೆ ಹೋದಾಗ ಆ ದಾರೀಲಿ ಅಪ್ಪ ಕಾರ್ ನಿಲ್ಸು ಅಂದ್ರು. ಇಳಿದು, ಮುಚ್ಚಿದ ಗೇಟ್ ಮುಂದೆ ನಿಂತು, ಕೈ ನೋಡ್ಕೊಂಡು "ಸೆಕೆಂಡ್ ಶಿಫ್ಟ್ ಸೈರನ್ ಇನ್ನೂ ಆಗಿಲ್ವಲ್ಲ" ಅಂದ್ರು. ತಮಾಷೆಗೆ ಅಂದ್ರೋ ನಿಜಕ್ಕೂ ಅಂದ್ರೋ ಇವತ್ತಿಗೂ ಗೊತ್ತಿಲ್ಲ. ತಮ್ಮ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ. ಹನ್ನೊಂದು ಜನ ನಗೋ ಮುಖ ಹಾಕಿದ್ರು. ನಾನು ಮೂರು ಹಾಕಿದ್ದೆ.

ಕೋನ 'ಬೋರ್ನ್‌ವಿಲ್' ಓದಿದೋರಿಗೆ ಗೊತ್ತು, ಅದ್ರಲ್ಲಿ ಚಾಕೊಲೇಟಿಗೆ ಎಣ್ಣೆ ಸೇರಿಸಿದ್ರೆ ಅದು ಚಾಕೊಲೇಟೇ ಹೌದಾ ಅಂತ ಬ್ರಸೆಲ್ಸ್‌ನಲ್ಲಿ ವರ್ಷಗಟ್ಲೆ ಜಗಳ ಆಡೋ ಭಾಗ ಎಷ್ಟು ನಗು ತರಿಸುತ್ತೆ, ಕೊನೇಲಿ 2020ರ ಲಾಕ್‌ಡೌನಲ್ಲಿ ಮೇರಿ ಒಬ್ಳೇ ಸಾಯೋದು, ಮಕ್ಕಳು ಬಂದು ಮುಟ್ಟೋಕೂ ಆಗದೆ ಇರೋದು ಎಷ್ಟು ಸಂಕಟ ಅಂತ. ಅದು ತಮ್ಮ ತಾಯಿಯ ಕೊನೆಯನ್ನೇ ಇಟ್ಕೊಂಡು ಬರೆದದ್ದು. ಅಲ್ಲಿ ಜೋಕಿಲ್ಲ. ಬೇರೆಯವ್ರ ಅಪ್ಪ ಅಮ್ಮ ಆದ್ರೆ ಜೋಕ್ ಬರೆಯೋಕೆ ಕೈ ಬರುತ್ತೋ ಏನೋ, ಅಂತ ಒಂದು ಕ್ಷಣ ಕೋ ಮೇಲೇ ಸಿಟ್ಟು ಬಂತು. ಅನ್ಯಾಯದ ಸಿಟ್ಟು, ಗೊತ್ತು. ಅವರು ಕಾಲಿನ್‌ನ ಪ್ರೀತಿಯಿಂದಾನೇ ಬರ್ದಿರೋದು, ಮೂರು ನಗೋ ಮುಖ ಹಾಕಿದ್ದು ನಾನು.

ಮರುದಿನ ಬೆಳಗ್ಗೆ ಅಪ್ಪಂಗೆ ಫೋನ್ ಮಾಡ್ದೆ. ವಿಡಿಯೋ ವಿಷಯ ಎತ್ತೋಕೆ ಧೈರ್ಯ ಬರ್ಲಿಲ್ಲ, ಟೋಪಿ ಅಜ್ಜನ ಕಥೆ ಹೇಳ್ದೆ, ಲಾಂಗ್‌ಬ್ರಿಜ್, ಹತ್ತು ಪೌಂಡು, ಎಲ್ಲಾ. ಅಪ್ಪ ಹೂಂಗುಟ್ಟಿದ್ರು. ಆಮೇಲೆ ಕೇಳಿದ್ರು, "ಅವರು ಕೈಗೆ ಯಾವ ವಾಚ್ ಕಟ್ಟಿದ್ರು ಪುಟ್ಟಿ?"

ನೋಡ್ಲಿಲ್ಲ ಅಂದೆ.

"ಮುಂದಿನ ಸಲ ನೋಡು. ಕೀ ಕೊಡೋದಾ ಸೆಲ್ಲಿಂದಾ ಅಂತಾನೂ ಕೇಳು."