ಕಂಪನಿ ಹುಡುಗ ಮುತ್ತುರಾಜ

ಅಣ್ಣಾವ್ರ, ಅಂದರೆ ನಟ ರಾಜ್‌ಕುಮಾರ್ ಅವರ ಬಗ್ಗೆ ಯಾರೇ ಮಾತಾಡಿದರೂ ಮೊದಲು ಬಡತನ ಬರುತ್ತದೆ, ಆಮೇಲೆ ನೇರ ಅವರು ನಾಯಕನಾದ ಮೊದಲ ಸಿನಿಮಾ 'ಬೇಡರ ಕಣ್ಣಪ್ಪ'. ನಡುವಿನ ಹದಿನೈದು ಚಿಲ್ಲರೆ ವರ್ಷ ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಜಾಸ್ತಿ ಕುತೂಹಲ ಇರುವುದೇ ಆ ವರ್ಷಗಳ ಬಗ್ಗೆ.

ಹುಟ್ಟಿದ್ದು 1929ರ ಏಪ್ರಿಲ್ 24, ಗಾಜನೂರಿನಲ್ಲಿ. ಹೆಸರು ಮುತ್ತುರಾಜ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ನಟ. ಕಂಸ, ರಾವಣ, ಹಿರಣ್ಯಕಶಿಪು ಅಂದರೆ ಅವರೇ, ಅನ್ನುವಂಥ ಆಳು. ಮಗ ಎಂಟನೇ ವಯಸ್ಸಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಕಂಪನಿ ಸೇರಿದ. ಇದನ್ನು ಚೆಂದ ಮಾಡಿ ಹೇಳುವುದು ನನಗೆ ಇಷ್ಟ ಇಲ್ಲ. ಅಷ್ಟು ಚಿಕ್ಕ ಹುಡುಗ ಸ್ಲೇಟು ಬಿಟ್ಟದ್ದು ಕಷ್ಟಕ್ಕೇ ಹೊರತು ಕಲೆಯ ಮೇಲಿನ ಪ್ರೀತಿಗಲ್ಲ.

ಆದರೆ ಸೇರಿದ ಜಾಗ ಸಾಮಾನ್ಯದ್ದಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಆಗ ಉತ್ತುಂಗದಲ್ಲಿತ್ತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆ ತಂದು ನಿಲ್ಲಿಸಿದ ಕಂಪನಿ ಅದು! ಕಂಪನಿ ಬದುಕು ಹೇಗೆ ಅಂತ ಗೊತ್ತಲ್ಲ: ಒಂದು ಊರಲ್ಲಿ ಕ್ಯಾಂಪ್ ಹಾಕಿದರೆ ಕಲೆಕ್ಷನ್ ಬರುವ ತನಕ ಅಲ್ಲೇ, ಕಡಿಮೆ ಆಯಿತೋ ಪರದೆ, ಪೆಟ್ಟಿಗೆ, ಪಾತ್ರೆ ಎಲ್ಲ ಕಟ್ಟಿಕೊಂಡು ಮುಂದಿನ ಊರು. ಅಂಥ ಕಡೆ ಚಿಕ್ಕ ಹುಡುಗರಿಗೆ ಸಿಗುವುದು ಚಿಲ್ಲರೆ ಪಾತ್ರ. ಉಳಿದ ಹೊತ್ತು ಸೈಡ್ ವಿಂಗಿನಲ್ಲಿ ನಿಂತು ದೊಡ್ಡವರ ನಾಟಕ ನೋಡುವುದು. ಅದೇ ನಾಟಕ, ಅದೇ ಮಾತು, ರಾತ್ರಿ ರಾತ್ರಿ. ಕೇಳಿ ಕೇಳಿಯೇ ಎಲ್ಲರ ಪಾತ್ರವೂ ಬಾಯಿಪಾಠ ಆಗಿಬಿಡುತ್ತದೆ.

ಕಂಪನಿ ಕಲಿಸುವ ಪಾಠ ಇದು: ಕೊನೆಯ ಸಾಲಿನಲ್ಲಿ ಚಾಪೆ ಮೇಲೆ ಕೂತವನಿಗೂ ಮಾತು ಕೇಳಿಸಬೇಕು, ಕಿರುಚಿದ ಹಾಗೂ ಇರಬಾರದು. ಹಾರ್ಮೋನಿಯಂ ಶ್ರುತಿ ಹಿಡಿದ ತಕ್ಷಣ ಮಾತಿನಿಂದ ಹಾಡಿಗೆ ಜಾರಬೇಕು. ಜನ 'ಒನ್ಸ್ ಮೋರ್' ಅಂದರೆ, ಸತ್ತು ಬಿದ್ದವನೂ ಎದ್ದು ಇನ್ನೊಮ್ಮೆ ಹಾಡಬೇಕು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದಾಗ, ಅಣ್ಣಾವ್ರು ಹಾಡೂ ಹಾಡ್ತಾರೆ ಅಂತ ಊರೆಲ್ಲ ಆಶ್ಚರ್ಯಪಟ್ಟಿತಂತೆ. ಅಷ್ಟು ವರ್ಷ ಹೆಚ್ಚಾಗಿ ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ ದನಿಯಲ್ಲೇ ಅವರನ್ನು ಕೇಳಿದ್ದವರಿಗೆ ಅದು ಸಹಜವೇ. ಆದರೆ ಹಾಡಲು ಬಾರದವನಿಗೆ ಕಂಪನಿಯಲ್ಲಿ ಮುಖ್ಯ ಪಾತ್ರ ಯಾರು ಕೊಡುತ್ತಿದ್ದರು ಹೇಳಿ?

1951ರಲ್ಲಿ ಅಪ್ಪ ತೀರಿಕೊಂಡರು. ಮನೆ ಜವಾಬ್ದಾರಿ ಹೆಗಲಿಗೆ ಬಿತ್ತು. ಮರುವರ್ಷ 'ಶ್ರೀನಿವಾಸ ಕಲ್ಯಾಣ' ಸಿನಿಮಾದಲ್ಲಿ ಒಂದು ಪಾತ್ರ ಸಿಕ್ಕಿತು, ಸಪ್ತರ್ಷಿಗಳಲ್ಲಿ ಒಬ್ಬರು. ಗಡ್ಡದ ಹಿಂದೆ ಯಾರಿದ್ದಾರೆ ಅಂತ ಯಾರಿಗೆ ಗೊತ್ತಾಗಬೇಕು! ಆಮೇಲೂ ಊಟ ಹಾಕಿದ್ದು ನಾಟಕವೇ. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿ ಇದ್ದಾಗ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರ ಕಣ್ಣಿಗೆ ಬಿದ್ದರು. 1954ರಲ್ಲಿ 'ಬೇಡರ ಕಣ್ಣಪ್ಪ'. ಮುತ್ತುರಾಜ ಅಲ್ಲಿ ರಾಜ್‌ಕುಮಾರ್ ಆದರು.

ತಮಾಷೆ ನೋಡಿ, ಆ ಸಿನಿಮಾ ಕೂಡ ನಾಟಕದ ಮನೆಯಿಂದಲೇ ಬಂದದ್ದು. ಗುಬ್ಬಿ ವೀರಣ್ಣನವರ ಸಂಸ್ಥೆಯೂ ನಿರ್ಮಾಣದಲ್ಲಿತ್ತು. ಅದರಲ್ಲಿ ನಟಿಸಿದ ಜಿ.ವಿ. ಅಯ್ಯರ್, ನರಸಿಂಹರಾಜು ಎಲ್ಲ ಕಂಪನಿಯಲ್ಲಿ ಪಳಗಿದವರೇ. 1960ರಲ್ಲಿ ಇದೇ ಗೆಳೆಯರು ನಟ ಬಾಲಕೃಷ್ಣ ಅವರನ್ನೂ ಸೇರಿಸಿಕೊಂಡು 'ರಣಧೀರ ಕಂಠೀರವ' ತೆಗೆದರು. ಆ ಒಗ್ಗಟ್ಟು ಸುಮ್ನೆ ಬಂದದ್ದಲ್ಲ, ಕಂಪನಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವರ ಸಲುಗೆ ಅದು.

ಕಂಪನಿಯ ಪಾಠ ಅಣ್ಣಾವ್ರಲ್ಲಿ ಉಳಿಯಿತೇ ಅಂತ ಅನುಮಾನ ಇದ್ದರೆ 1983ರ 'ಭಕ್ತ ಪ್ರಹ್ಲಾದ' ಹಾಕಿ, ಚಿತ್ರ ನೋಡಬೇಡಿ, ಕಣ್ಣು ಮುಚ್ಚಿ ಕಿವಿ ಮಾತ್ರ ಕೊಡಿ. ಅಪ್ಪ ರಂಗದ ಮೇಲೆ ಹೆಸರು ಮಾಡಿದ್ದ ಅದೇ ಹಿರಣ್ಯಕಶಿಪು. ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪುವುದಿಲ್ಲ. ಉದ್ದದ ಸಾಲಿನ ನಡುವೆ ಉಸಿರು ಎಲ್ಲಿ ಎಳೆದುಕೊಂಡರು ಅಂತ ಹುಡುಕಿದರೂ ಸಿಗುವುದಿಲ್ಲ. ಎದುರಿಗೆ ಪ್ರಹ್ಲಾದನಾಗಿ ನಿಂತಿರುವುದು ಪುಟ್ಟ ಪುನೀತ್. ಆ ಹುಡುಗ ಅಷ್ಟು ಅಬ್ಬರದ ಮುಂದೆ ಚೂರೂ ಅಲುಗದೆ ಮಾತಾಡುತ್ತಾನಲ್ಲ, ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.