ಅಹವಾಲು ಸಭೆಗೆ ಹೋಗಿ ಏನು ಪ್ರಯೋಜನ?

ಕರಾವಳಿಯಲ್ಲಿ ಹೊಸ ಬಂದರಿನ ಸುದ್ದಿ ಎದ್ದಾಗಲೆಲ್ಲ ನನ್ನನ್ನು ಜನ ಕೇಳುವುದು ಒಂದೇ. ‘ಪರಿಸರ ಅಹವಾಲು ಸಭೆ ಕರೆದಿದ್ದಾರೆ. ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ, ಅಲ್ವಾ? ಹೋಗಿ ಏನು ಪ್ರಯೋಜನ?’

ಹೋಗಿ. ಆದರೆ ಸುಮ್ನೆ ‘ಬೇಡವೇ ಬೇಡ’ ಅಂತ ಕೂಗಿ ಬರಲಿಕ್ಕೆ ಹೋಗಬೇಡಿ. ಅಲ್ಲಿ ಮತದಾನ ಇಲ್ಲ. ಸಾವಿರ ಜನ ಬೇಡವೆಂದರೂ ಅಷ್ಟಕ್ಕೇ ಯೋಜನೆ ಬೀಳುವುದಿಲ್ಲ. ಇಬ್ಬರೇ ಬಂದರೂ ಸಭೆ ಆದ ಹಾಗೇ ಲೆಕ್ಕ, ಏಕೆಂದರೆ ಕೋರಂ (ಕನಿಷ್ಠ ಹಾಜರಾತಿ) ಕೂಡ ಬೇಕಿಲ್ಲ. ಕೊನೆಗೆ ಉಳಿಯುವುದು ನಡಾವಳಿಯಲ್ಲಿ ದಾಖಲಾದ ಮಾತು.

ಪರಿಸರ ಪರಿಣಾಮ ಅಧ್ಯಯನ (ಇಐಎ) ಕುರಿತ 2006ರ ಅಧಿಸೂಚನೆಯ ಪ್ರಕಾರ, ಯೋಜನೆಗೆ ಪರಿಸರ ಮಂಜೂರಾತಿ ಕೊಡುವ ಮೊದಲು ಈ ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅವರ ಪ್ರತಿನಿಧಿಯದು. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ಇಡೀ ಸಭೆಯ ವಿಡಿಯೊ ಆಗಬೇಕು. ಕಡೆಯಲ್ಲಿ ಯಾರು ಏನು ಹೇಳಿದರು ಎಂಬ ಸಾರಾಂಶವನ್ನು ಊರಿನ ಭಾಷೆಯಲ್ಲೇ ಓದಿ ತಿಳಿಸಬೇಕು. ಅಷ್ಟು ಹೊತ್ತಿಗೆ ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ. ನೀವು ಏಳಬೇಡಿ. ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಕೇಳಿ ಸೇರಿಸಿ.

ಏನು ಮಾತಾಡಬೇಕು? ‘ನಮ್ಮ ಬದುಕು ಹಾಳಾಗುತ್ತೆ’ ಅನ್ನುವುದು ನಿಜವೇ. ಆದರೆ ಅದಕ್ಕೆ ಕಂಪನಿಯವರು ‘ಪರಿಹಾರ ಕೊಡುತ್ತೇವೆ’ ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಹಾಗೆ ಮುಗಿಸಲಾಗದ ಪ್ರಶ್ನೆ ಕೇಳಬೇಕು. ಮರಳನ್ನೇ ತೆಗೆದುಕೊಳ್ಳಿ. ಅಲೆಯ ಜೊತೆ ಮರಳು ದಡದುದ್ದಕ್ಕೂ ಸಾಗುತ್ತಲೇ ಇರುತ್ತದೆ. ಅದಕ್ಕೆ ಅಡ್ಡ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಬಂದರೆ ಒಂದು ಬದಿ ಮರಳು ತುಂಬುತ್ತದೆ, ಇನ್ನೊಂದು ಬದಿ ಕಡಲು ದಡ ಕೊರೆಯುತ್ತದೆ. ಚೆನ್ನೈ ಬಂದರು ಕಟ್ಟಿದ ಮೇಲೆ ದಕ್ಷಿಣದಲ್ಲಿ ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಕಡೆ ದಡ ಕರಗಿತು. ಪುದುಚೇರಿಯಲ್ಲೂ 1980ರ ದಶಕದ ಕೊನೆಯಲ್ಲಿ ಬಂದರಿನ ಬ್ರೇಕ್‌ವಾಟರ್ ಕಟ್ಟಿದ ನಂತರ ಊರ ಮುಂದಿನ ಮರಳಿನ ದಂಡೆಯೇ ಹೋಯಿತು.

ಈಗ ನಿಮ್ಮ ಊರಿನ ಇಐಎ ವರದಿಯಲ್ಲಿ ಮಾಹಿತಿ ಯಾವ ತಿಂಗಳಲ್ಲಿ ಸಂಗ್ರಹಿಸಿದ್ದು ಅಂತ ಮೊದಲು ನೋಡಿ. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ ಲೆಕ್ಕ ಇರುತ್ತದೆ. ನಮ್ಮ ಕಡೆ ಅಳಿವೆ ಜಾಗ ಬದಲಿಸುವುದೂ ಕಡಲು ದಡ ತಿನ್ನುವುದೂ ಜಾಸ್ತಿ ಮಳೆಗಾಲದಲ್ಲೇ ತಾನೇ? ‘ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಳತೆ ಎಲ್ಲಿ?’ ಅಂತ ಬರೆದು ಕೊಡಿ. ಹಡಗು ಬರಲು ತೆಗೆಯುವ ಹೂಳಿನ ವಿಷಯವನ್ನೂ ಬಿಡಬೇಡಿ. ಎಷ್ಟು ತೆಗೆಯುತ್ತಾರೆ, ಎಲ್ಲಿ ಸುರಿಯುತ್ತಾರೆ, ಆ ಜಾಗದಲ್ಲಿ ಬಲೆ ಹಾಕುವವರು ಯಾರು?

ವರದಿಗಳಲ್ಲಿ ನನಗೆ ಸಿಟ್ಟು ತರಿಸುವ ಇನ್ನೊಂದು ಮಾತು ‘ಖಾಲಿ ಜಾಗ’. ಕುಮಟಾದ ಅಘನಾಶಿನಿ ಅಳಿವೆಯ ಗಜನಿಯನ್ನು (ಉಪ್ಪುನೀರಿನ ಗದ್ದೆಯನ್ನು) ಬೇಸಿಗೆಯಲ್ಲಿ ಹೊರಗಿನವರು ನೋಡಿದರೆ ಅದೂ ಖಾಲಿಯೇ. ಮಳೆಗಾಲದಲ್ಲಿ ಅಲ್ಲೇ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಇಳಿತದಲ್ಲಿ ಹೆಂಗಸರು ನೀರಿಗಿಳಿದು ಬಳಚು (ಚಿಪ್ಪುಮೀನು) ಆರಿಸುತ್ತಾರೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಸುಮಾರು 4,800 ಹೆಕ್ಟೇರ್. ಅದಕ್ಕೂ ಮೊದಲು ಇಲ್ಲೇ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಮಾತಿತ್ತು. ಆದ್ದರಿಂದ ಯಾವ ಗಜನಿ, ಯಾವ ತಿಂಗಳು, ಎಷ್ಟು ಮನೆಯವರು ಇಳಿಯುತ್ತಾರೆ ಅನ್ನುವುದನ್ನು ಸಭೆಯಲ್ಲಿ ಹೇಳಿಸಬೇಕು. ಬಳಚು ಆರಿಸುವವರೇ ಮಾತಾಡಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಬರೆದುಕೊಟ್ಟರೂ, ಮಂಜೂರಾತಿಗೆ ಶಿಫಾರಸು ಮಾಡುವ ದಿಲ್ಲಿಯ ತಜ್ಞರ ಸಮಿತಿ ಓದದೇ ಇದ್ದರೆ? ಹಾಗೂ ಆಗುತ್ತದೆ. ಆದರೆ ಗೋವಾದ ಗಣಿಯೊಂದರ ವಿಷಯದಲ್ಲಿ ಉತ್ಕರ್ಷ ಮಂಡಲ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ 2009ರಲ್ಲೇ ಒಂದು ಮಾತು ಹೇಳಿದೆ. ಅಹವಾಲಿನಲ್ಲಿ ಬಂದ ಆಕ್ಷೇಪಗಳನ್ನು ಸಮಿತಿ ಪರಿಶೀಲಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಮಂಜೂರಾತಿ ಸಿಕ್ಕ ಮೇಲೆ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ ಇರುತ್ತದೆ. ತಕ್ಕ ಕಾರಣವಿದ್ದರೆ ಮೇಲೆ ಇನ್ನು 60 ದಿನ, ಅದಕ್ಕಿಂತ ಜಾಸ್ತಿ ಇಲ್ಲ. ನಮ್ಮವರು ಹೋಗಬೇಕಾದದ್ದು ಚೆನ್ನೈ ಪೀಠಕ್ಕೆ. ಅಲ್ಲಿ ವಕೀಲರು ಮೊದಲು ಕೇಳುವುದೇ ‘ಸಭೆಯಲ್ಲಿ ಇದನ್ನು ಎತ್ತಿದ್ದಿರಾ?’ ಎಂದು. ಹಾಗಾಗಿ ಸಭೆಗೆ ಹೋಗುವಾಗ ನಿಮ್ಮ ಆಕ್ಷೇಪದ ಅರ್ಜಿಯನ್ನು ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ತಾರೀಕಿನ ಜೊತೆ ಸೀಲು ಹಾಕಿಸಿಕೊಂಡೇ ಮನೆಗೆ ಬನ್ನಿ.