ಖಳನ ತಕರಾರು ಅರ್ಜಿ

ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವುದು ನನ್ನ ಕೆಲಸ. ಕಥೆಯ ಎಳೆ, ಚಿತ್ರಕಥೆ ಬೇರೆಯವರಿಂದ ಬರುತ್ತವೆ. ಬೆಳಿಗ್ಗೆ ಶೂಟಿಂಗ್ ಶುರುವಾಗುವ ಹೊತ್ತಿಗೆ ನನ್ನ ಹಾಳೆಗಳು ಸೆಟ್‌ನಲ್ಲಿರಬೇಕು. ಈ ಆತುರದಲ್ಲಿ ಮೊದಲು ಸೊರಗುವವನು ಖಳ. ನಾಯಕಿಗೆ ತವರು, ಬಾಲ್ಯ, ಆಸೆ ಎಲ್ಲ ಇರುತ್ತದೆ. ಖಳನ ಪಾಲಿಗೆ ಬರೀ ಕೆಟ್ಟತನ.

ಒಂದು ಕಥೆಯಲ್ಲಿ ತಂಗಿಯ ಆಸ್ತಿಪಾಲನ್ನು ಲಪಟಾಯಿಸುವ ಅಣ್ಣನಿದ್ದ. ತಿಪಟೂರು ಕಡೆಯ ತೆಂಗಿನ ತೋಟ. ನಾನು ಅವನಿಗೆ ಕುಡಿತ, ಇಸ್ಪೀಟು, ಸಾಲ ಎಲ್ಲ ಅಂಟಿಸಿ, ಪ್ರತಿ ದೃಶ್ಯದ ಕೊನೆಗೂ ಒಂದು ಬೆದರಿಕೆಯ ಮಾತು ಬರೆದಿದ್ದೆ. ಪಾತ್ರ ಮಾಡುತ್ತಿದ್ದವರು ರಂಗಭೂಮಿಯಿಂದ ಬಂದ ಹಿರಿಯರು. ಹಾಳೆ ಓದಿ ಕೇಳಿದರು: "ಇವ್ನು ಬೆಳಿಗ್ಗೆ ಎದ್ದು ಏನ್ ಮಾಡ್ತಾನಪ್ಪಾ? ತೋಟಕ್ಕೆ ನೀರು ಬಿಡೋರು ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ದೃಶ್ಯ ಬರೆಯುವುದನ್ನು ಬಿಟ್ಟು, ಅವನೇ ಊರಿನ ಹಿರಿಯರ ಮುಂದೆ ಒಂದು ತಕರಾರು ಅರ್ಜಿ ಕೊಟ್ಟರೆ ಏನು ಬರೆದಾನು ಎಂದು ಬರೆಯುತ್ತಾ ಹೋದೆ.

"ಅಪ್ಪನಿಗೆ ಲಕ್ವ ಹೊಡೆದು ಮಲಗಿದ್ದ ಆರು ವರ್ಷ ಅವರ ಬಟ್ಟೆ ಬದಲಿಸಿದವನು ನಾನು. ತಂಗಿ ಮದುವೆಗೆ ಸೊಸೈಟಿಯಲ್ಲಿ ಎತ್ತಿದ ಸಾಲ ತೀರಿಸಿದವನು ನಾನು. ನುಸಿಪೀಡೆ ಬಂದು ಎಳೆಗಾಯಿ ಉದುರಿದಾಗ, ಮೂರು ಬೋರು ಕೊರೆಸಿ ಎರಡು ಬತ್ತಿದಾಗ, ನಷ್ಟದಲ್ಲಿ ಪಾಲು ಕೊಡಿ ಅಂತ ಯಾರೂ ಬರಲಿಲ್ಲ. ಈಗ ಬೈಪಾಸ್ ರಸ್ತೆ ಬಂದು ಜಾಗಕ್ಕೆ ಬೆಲೆ ಬಂದಿದೆ. ನಾಳೆ ತಂಗಿ ಗಂಡ ಬಂದು ನಿಂತರೆ ನನ್ನ ಗತಿ?"

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ತಂಗಿ ಪಾಲು ಕೇಳಿಯೇ ಇರಲಿಲ್ಲ. ಕೇಳಬಹುದು ಎಂಬ ಅಂಜಿಕೆ ಸಾಕಾಗಿತ್ತು. ಕಾನೂನೂ ಅವನ ಕಡೆಗಿರಲಿಲ್ಲ. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟವು; ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ನ್ಯಾಯವಾದ ತಿದ್ದುಪಡಿ ಅದು, ನನಗೆ ಅದರಲ್ಲಿ ಎರಡು ಮಾತಿಲ್ಲ. ಅವನಿಗೆ ಮಾತ್ರ ಕೊಯ್ಲಿನ ಹೊತ್ತಿಗೆ ಯಾರೋ ಬದು ಸರಿಸಿದ ಹಾಗೆ. ಕುಡಿತ, ಇಸ್ಪೀಟು ಎರಡನ್ನೂ ಹೊಡೆದುಹಾಕಿದೆ.

ಹಿಂದೆಯೇ ಇನ್ನೊಂದು ತಪ್ಪು ಮಾಡಿದೆ. ಅರ್ಜಿ ಎಷ್ಟು ಹಿಡಿಸಿತೆಂದರೆ ಅದನ್ನು ಪೂರ್ತಿ ಅವನ ಬಾಯಿಗೆ ಹಾಕಿ ನಾಲ್ಕು ಪುಟದ ದೃಶ್ಯ ಬರೆದುಬಿಟ್ಟೆ. ನಿರ್ದೇಶಕರು ಓದಿ, "ಈಗ ತಂಗೀನೇ ಕಳ್ಳಿ ಥರ ಕಾಣ್ತಾಳಲ್ಲ" ಎಂದರು. ನಿಜವಾಗಿತ್ತು. ಕಾರಣ ಕೊಡುವ ಭರದಲ್ಲಿ ಅವನಿಗೆ ಮಾಫಿಯನ್ನೂ ಕೊಟ್ಟಿದ್ದೆ.

ಆಗ ಕಾಲೇಜಿನಲ್ಲಿ ಓದಿದ್ದ ರನ್ನನ 'ಗದಾಯುದ್ಧ'ವನ್ನು ಮತ್ತೆ ತೆಗೆದೆ. ತನಗೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ. ಕವಿ ಯಾರ ಕಡೆ ನಿಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಆದರೂ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ ಅಭಿಮನ್ಯುವಿನ ಶವದ ಮುಂದೆ ನಿಲ್ಲುತ್ತಾನೆ, ನಿನ್ನಂಥ ಸಾವು ನನಗೂ ಬರಲಿ ಎನ್ನುತ್ತಾನೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ಅಲ್ಲಿ ಅವನು ತನ್ನ ಪರವಾಗಿ ವಾದ ಮಾಡುವುದಿಲ್ಲ. ಎದುರಿಗಿರುವುದನ್ನು ನೋಡುತ್ತಾನೆ, ಅಷ್ಟೇ. ನಮ್ಮ ಎದೆಯಲ್ಲಿ ಏನೋ ಅಲುಗುತ್ತದೆ, ಅವನ ತಪ್ಪು ಮಾತ್ರ ತಪ್ಪಾಗಿಯೇ ಉಳಿಯುತ್ತದೆ.

ಅರ್ಜಿಯನ್ನು ಮಡಚಿ ನನ್ನ ಹತ್ತಿರವೇ ಇಟ್ಟುಕೊಂಡೆ. ತೆರೆಯ ಮೇಲೆ ಬಂದದ್ದು ಬೋರಿನ ಮಾತೊಂದೇ, ಅದೂ ಹೆಂಡತಿಯ ಹತ್ತಿರ ಆಡಿದ್ದು. ಈಗ ಯಾವ ಖಳ ಬಂದರೂ ಮೊದಲು ಅವನ ಅರ್ಜಿ ಬರೆಯುತ್ತೇನೆ, ಆಮೇಲೆ ಅದನ್ನು ಬಚ್ಚಿಡುತ್ತೇನೆ. ಬಚ್ಚಿಟ್ಟದ್ದು ಅವನ ಕೈಕಾಲಿನ ನಡವಳಿಕೆಯಲ್ಲಿ ಹೊರಗೆ ಬರುತ್ತದೆ.

ಸಹಿಯ ದೃಶ್ಯವನ್ನು ಹೊಸದಾಗಿ ಬರೆದೆ. ಮೊದಲು ಅದು ರಾತ್ರಿ, ಮಳೆ, ಕೈ ಹಿಡಿದು ಬಲವಂತದಿಂದ ಹಾಕಿಸುವ ಸಹಿ. ಈಗ ಗೌರಿ ಹಬ್ಬದ ಹಿಂದಿನ ದಿನ. ಅಣ್ಣ ತವರಿನ ಬಾಗಿನ ತಂದಿದ್ದಾನೆ. ಪ್ರತಿ ವರ್ಷವೂ ತರುತ್ತಾನೆ, ಒಂದು ವರ್ಷವೂ ತಪ್ಪಿಸಿದವನಲ್ಲ. ಸೀರೆ, ಬಳೆ, ತೋಟದ ಕಾಯಿ. ಕಾಫಿ ಕುಡಿದಾದ ಮೇಲೆ ಚೀಲದಿಂದ ಹಕ್ಕು ಬಿಡುಗಡೆ ಪತ್ರ ತೆಗೆಯುತ್ತಾನೆ. ಅದರ ಕೆಳಗೆ ಬರೆದದ್ದು ಎರಡೇ ಸಾಲು.

"ಒಂದ್ಸಲ ಓದ್ಕೊಳಮ್ಮಾ."

"ನೀನು ತಂದಿದ್ದನ್ನೂ ಓದ್ಬೇಕಾ, ಅಣ್ಣಾ?"

ಆ ಹಿರಿಯರು ಹಾಳೆ ನೋಡಿ ಏನೂ ಹೇಳಲಿಲ್ಲ. ಟೇಕ್‌ನಲ್ಲಿ ತಂಗಿ ಸಹಿ ಹಾಕುವಷ್ಟು ಹೊತ್ತೂ ತಾವು ತಂದ ತೆಂಗಿನಕಾಯಿಯ ನಾರನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಕೂತಿದ್ದರು. ಅದನ್ನು ನಾನು ಬರೆದಿರಲಿಲ್ಲ.